ಗಾಜಿನ ಹಂಚಿನ ಕಡೆ ಬಾಗಿದ ಸಸಿ

ನನ್ನ ಅಕ್ಕನನ್ನು ಸವಣೂರಿಗೆ ಕೊಟ್ಟವನು ನಮ್ಮ ಅಪ್ಪನಲ್ಲ, ಸೋದರಮಾವನಲ್ಲ, ದೇವಿಯಂತೂ ಮೊದಲೇ ಅಲ್ಲ. ಕೊಟ್ಟವನು ನಾನು. ಅದೂ ಕಡಜಕ್ಕೆ ಅಂಜಿ.

ಹಾನಗಲ್ಲಿನ ನಮ್ಮ ಮನೆಯ ದೇವರ ಕೋಣೆಗೆ ಕಿಟಕಿ ಇರಲಿಲ್ಲ. ಆಯಿಗೆ, ಅಂದರೆ ಅಪ್ಪನ ತಾಯಿಗೆ, ಕಣ್ಣು ಮಂಜಾಗುತ್ತ ಬಂದು, ಒಂದು ದಿನ ಆಕೆ ದೇವಿಯೆಂದು ತಿಳಿದು ಪಕ್ಕದ ತಾಮ್ರದ ತಂಬಿಗೆಗೆ ಅರಿಷಿಣ ಕುಂಕುಮ ಏರಿಸಿ ಕೈಮುಗಿದು ಎದ್ದಳು. ಅಪ್ಪ ಮರುವಾರವೇ ಹಾವೇರಿ ಸಂತೆಗೆ ಹೋಗಿ ಒಂದು ಗಾಜಿನ ಹಂಚು ತಂದ. ದಸರೆಯಿಂದಾಚೆ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ಆದ್ದರಿಂದ ಇದನ್ನು ದಕ್ಷಿಣದ ಇಳಿಜಾರಿಗೆ ಕೂಡಿಸು ಎಂದು ನನ್ನ ಕೈಗೆ ಕೊಟ್ಟ. ದಕ್ಷಿಣದ ಸೂರಿನ ಕೆಳಗೆ ಕಡಜದ ಗೂಡು ಇತ್ತು. ಏಣಿ ಹೇಗೂ ಉತ್ತರದ ಗೋಡೆಗೆ ಆನಿಸಿತ್ತು. ನಾನು ಉತ್ತರದ ಇಳಿಜಾರಿನಲ್ಲಿ ಒಂದು ಮಣ್ಣಿನ ಹಂಚು ಕಿತ್ತು, ಅಲ್ಲಿ ಗಾಜಿನದನ್ನು ಕೂಡಿಸಿ ಇಳಿದುಬಿಟ್ಟೆ. ಅಪ್ಪ ಕೇಳಿದಾಗ, ಬೆಳಕಿಗೆ ಯಾವ ದಿಕ್ಕಾದರೇನು, ಕೋಣೆಯೊಳಗೆ ಬಿದ್ದರೆ ಸಾಕಲ್ಲ ಎಂದು ವಾದಿಸಿದೆ. ಮೆಟ್ರಿಕ್ ಓದುತ್ತಿರುವ ಮಗನ ವಾದ. ಅಪ್ಪ ಒಪ್ಪಿದ. ನನ್ನ ವಾದಗಳನ್ನು ಒಪ್ಪುವ ಕೆಟ್ಟ ಚಟ ಆತನಿಗಿತ್ತು.

ಆಗ ನನಗೆ ಹದಿನೇಳು. ನಾವು ಮುಂಬಯಿ ರಾಜ್ಯದಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಊರಿನ ದೊಡ್ಡ ಮನುಷ್ಯರೆಲ್ಲ ತಾವು ಈಗ ಯಾರು ಎಂಬುದು ಗೊತ್ತಾಗದೆ ಒಂದು ಮಾತು ಮರಾಠಿ, ಒಂದು ಮಾತು ಕಚೇರಿಯ ಹೊಸ ಕನ್ನಡ ಆಡುತ್ತಿದ್ದರು. ಅಣಕಿಸುವವನಿಗೆ ಇದಕ್ಕಿಂತ ಒಳ್ಳೆಯ ಸುಗ್ಗಿ ಯಾವುದು? ಹಾನಗಲ್ಲಿನಲ್ಲಿ ನನ್ನ ನಾಲಿಗೆಗೆ ಸಿಗದವರು ಕಡಿಮೆ. ಶಿಗ್ಗಾಂವಿ, ಬಂಕಾಪುರ ಎಂದು ಕೂಗುವ ಬಸ್ಸಿನ ಕ್ಲೀನರನ ಒಡೆದ ದನಿ, ಹಲ್ಲಿಲ್ಲದ ಆಯಿ ಆಶೀರ್ವಾದ ಮಾಡುವಾಗ ಬರುವ ಗಾಳಿ, ಮಾತಿಗೆ ಮೊದಲು ಸೋದರಮಾವ ಕೆಮ್ಮುವ ಆ ಯಜಮಾನಿಕೆಯ ಕೆಮ್ಮು, ಎಲ್ಲ ನನ್ನ ಕಿಸೆಯಲ್ಲಿದ್ದವು. ನನ್ನನ್ನೂ ನಾನು ಬಿಡುತ್ತಿರಲಿಲ್ಲ. ಗಣಿತದ ಪೇಪರು ಕೈಗೆ ಬಂದಾಗ ನನ್ನ ಗಂಟಲಿನ ಉಬ್ಬು ಹೇಗೆ ಮೇಲೆ ಕೆಳಗೆ ಓಡಾಡುತ್ತದೆ ಎಂಬುದನ್ನು ನಾನೇ ಮಾಡಿ ತೋರಿಸುತ್ತಿದ್ದೆ.

ಇದೆಲ್ಲ ಮುಖ್ಯವಾಗಿ ಒಬ್ಬಳಿಗಾಗಿ. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು, ಭುಜ ಮಾತ್ರ ಕುಣಿಯುತ್ತಿದ್ದವು. ಆ ಭುಜ ಕುಣಿಯಿತೆಂದರೆ ನನಗೆ ಹಸಿವು ಇರುತ್ತಿರಲಿಲ್ಲ. ಆಕೆ ಮುಲ್ಕಿ ಪರೀಕ್ಷೆಯನ್ನು ಮೊದಲ ವರ್ಗದಲ್ಲಿ ಪಾಸು ಮಾಡಿದ್ದಳು. ಮುಲ್ಕಿ ಅಂದರೆ ಏಳನೆಯ ಇಯತ್ತೆಯ ಕೊನೆಯ ಪರೀಕ್ಷೆ. ಅದರ ಮೇಲೆ ಟ್ರೇನಿಂಗು ಮಾಡಿದರೆ ಸಾಲಿಯಲ್ಲಿ ಅಕ್ಕೋರು, ಅಂದರೆ ಶಿಕ್ಷಕಿ, ಆಗಬಹುದಿತ್ತು. ಅಕ್ಕನಿಗೆ ಬೇಕಾಗಿದ್ದದ್ದು ಅದೊಂದೇ. ಓಣಿಯ ಹುಡುಗರನ್ನು ಕಟ್ಟೆಗೆ ಕೂಡಿಸಿಕೊಂಡು ಇದ್ದಲಿಯಿಂದ ಗೋಡೆಯ ಮೇಲೆ ಬರೆದು ಕಲಿಸುತ್ತಿದ್ದಳು. ಟ್ರೇನಿಂಗಿಗೆ ಧಾರವಾಡಕ್ಕೆ ಹೋಗಬೇಕು, ಮದುವೆಯಾಗದ ಹುಡುಗಿಯನ್ನು ಅಷ್ಟು ದೂರ ಕಳಿಸುವುದು ಹೇಗೆ ಎಂದು ಮನೆಯಲ್ಲಿ ಆ ಮಾತು ಅಲ್ಲಿಗೇ ನಿಂತಿತ್ತು.

ಆ ವರ್ಷ ಮಳೆಗಾಲದಲ್ಲಿ ಎರಡು ಕಡೆಯಿಂದ ಸಂಬಂಧ ಬಂದವು.

ಮೊದಲನೆಯದು ಹಿರೇಕೆರೂರಿನದು. ಹುಡುಗ ಪ್ರಾಥಮಿಕ ಸಾಲಿಯ ಮಾಸ್ತರ, ಬಡಕಲು, ಕೈಯಲ್ಲಿ ಅವನಿಗಿಂತ ಉದ್ದದ ಕೊಡೆ. ಹೆಣ್ಣು ನೋಡಲು ಬಂದವನು ಅವಲಕ್ಕಿಯ ತಾಟು ಬದಿಗಿಟ್ಟು ನೇರವಾಗಿ ಅಕ್ಕನನ್ನೇ ಕೇಳಿದ:

“ಮುಲ್ಕಿ ಪಾಸಾಗೀರಂತ. ಮುಂದ ಟ್ರೇನಿಂಗಿಗೆ ಹೋಗಾಕ ಮನಸೈತೇನ್ರಿ?”

ಹೆಣ್ಣು ನೋಡುವಲ್ಲಿ ಹೆಣ್ಣಿಗೆ ‘ರಿ’ ಹಚ್ಚಿ ಮಾತಾಡಿದವನನ್ನು ನಮ್ಮ ಓಣಿ ಅದುವರೆಗೆ ಕಂಡಿರಲಿಲ್ಲ. ಅದಕ್ಕಿಂತ ಹೆಚ್ಚು ಅವ್ವನ ಎದೆ ಧಸಕ್ಕೆಂದದ್ದು ಅಕ್ಕ ತಲೆ ತಗ್ಗಿಸದೆ “ಐತ್ರಿ” ಎಂದು ಉತ್ತರ ಕೊಟ್ಟಾಗ. ಅವರು ಹೋದಮೇಲೆ ನಾನು ಆ ಕೊಡೆಯ ಮಾಸ್ತರನನ್ನು ಮಾಡಿ ತೋರಿಸಿದೆ. ಅಕ್ಕ ನಗಲಿಲ್ಲ. ಬೇಡ, ಅವರನ್ನು ಮಾಡಬೇಡ ಎಂದಳು. ಆಕೆ ಒಬ್ಬರನ್ನು ನನ್ನ ನಾಲಿಗೆಯಿಂದ ಉಳಿಸಿಕೊಂಡದ್ದು ಅದೇ ಮೊದಲು, ಅದೇ ಕೊನೆ.

ಎರಡನೆಯದು ಸವಣೂರಿನದು. ಎಲೆತೋಟದ ಮನೆತನ. ಸವಣೂರಿನ ಎಲೆ ಎಂದರೆ ಬಾಯಲ್ಲಿ ಕರಗುತ್ತದೆ ಎಂದು ಹೇಳಿ ಹೇಳಿ ಸೋದರಮಾವ ಹುಡುಗನನ್ನೂ ಹಾಗೇ ಕರಗುವವನಂತೆ ಬಣ್ಣಿಸಿದ. ಮಾವನಿಗೆ ಶಿಗ್ಗಾಂವಿಯಲ್ಲಿ ಅರಿವೆ ಅಂಗಡಿ ಇತ್ತು, ಆ ಮನೆಯವರು ಅವನ ಹಳೆಯ ಗೆಳೆಯರು. ಹುಡುಗ ಬಂದ, ಅವಲಕ್ಕಿ ತಿಂದ, ಎಲೆ ಹಾಕಿಕೊಂಡ, ಮಾತಾಡಲು ಬಾಯಲ್ಲಿ ಜಾಗ ಉಳಿಯಲಿಲ್ಲ. ಹುಡುಗಿಯನ್ನು ನೋಡಲು ನಾಚಿ, ಇಡೀ ಹೊತ್ತು ನಮ್ಮ ಮನೆಯ ತೊಲೆ ಜಂತಿಗಳನ್ನು ನೋಡಿ ಹೋದ. ಹೆಣ್ಣು ನೋಡಲು ಬಂದವನಿಗೆ ನಮ್ಮ ಮಾಳಿಗೆ ಪಸಂದಾಯಿತು ಎಂದು ನಾನು ಅಂದೆ. ಆಗ ಮಾತ್ರ ಅಕ್ಕನ ಭುಜ ಕುಣಿದವು.

ಅಪ್ಪನ ಮನಸ್ಸು ಹಿರೇಕೆರೂರಿನ ಕಡೆ. ಆದರೆ ನಮ್ಮ ಅಪ್ಪ ಮನಸ್ಸು ಇಟ್ಟುಕೊಳ್ಳುವ ಮನುಷ್ಯನೇ ಹೊರತು ಆಡುವವನಲ್ಲ. ಮಾವ ಆಡುವವನು. ಅಕ್ಕೋರಾದ ಹೆಂಗಸಿಗೆ ಊರೂರು ಬದಲಿಯಾಗುತ್ತದೆ, ಗಂಡ ಒಂದು ಊರು ಹೆಂಡತಿ ಒಂದು ಊರು, ಎಂದು ಅವ್ವನಿಗೆ ಹೆದರಿಕೆ ಹಾಕಿದ. ಆಯಿ ಎರಡೂ ಕಡೆ ತೂಗುತ್ತಿದ್ದಳು. ಕೊನೆಗೆ ಮಾವನೇ ಕೆಮ್ಮಿ ಹೇಳಿದ: ಜಗಳ ಯಾಕೆ, ಹೆಂಗೂ ದಸರೆ ಬಂತು, ದೇವಿಯೇ ಹೇಳಲಿ. ಆಯಿ ಕೈ ಎತ್ತಿ ಮುಗಿದಳು. ಅಲ್ಲಿಗೆ ಮುಗಿಯಿತು. ತಾಯಿಯ ಎದುರು ದೇವಿ ಬೇಡ ಎನ್ನುವ ಮಗ ನಮ್ಮ ಅಪ್ಪನಲ್ಲ.

ದೇವಿ ಹೇಳುವುದು ಹೇಗೆ ಎಂದರೆ, ನಮ್ಮ ಕಡೆ ನವರಾತ್ರಿಗೆ ಘಟ್ಟ ಹಾಕುತ್ತಾರೆ. ಹೊಲದ ಮಣ್ಣು ತಂದು ಜರಡಿ ಹಿಡಿದು, ದೇವಿಯ ಮುಂದೆ ಅಗಲವಾಗಿ ಹರವಿ, ನಡುವೆ ನೀರು ತುಂಬಿದ ಕೊಡ ಇಟ್ಟು, ಸುತ್ತ ಗೋಧಿ ಜೋಳ ಬಿತ್ತುತ್ತಾರೆ. ಪಕ್ಕದಲ್ಲಿ ದಸರೆಯವರೆಗೆ ಆರದ ಹಾಗೆ ದೀಪ. ಕತ್ತಲೆ ಕೋಣೆಯಲ್ಲಿ ಹುಟ್ಟಿದ ಸಸಿ ಹಸಿರಾಗುವುದಿಲ್ಲ, ಬಂಗಾರದ ಬಣ್ಣಕ್ಕೆ ತೆಳ್ಳಗೆ ಉದ್ದುದ್ದ ಏಳುತ್ತದೆ. ದಸರೆಯ ದಿನ ಅದನ್ನು ಕಿತ್ತು ಹೆಂಗಸರು ತುರುಬಿಗೆ, ಗಂಡಸರು ಟೊಪ್ಪಿಗೆಗೆ ಸಿಕ್ಕಿಸಿಕೊಳ್ಳುತ್ತಾರೆ. ಇಷ್ಟು ಎಲ್ಲರ ಮನೆಯಲ್ಲೂ ಇದ್ದದ್ದು. ನಮ್ಮ ಮನೆಯಲ್ಲಿ ಒಂದು ಹೆಚ್ಚಿನದಿತ್ತು. ಸಸಿ ಯಾವ ಕಡೆ ಬಾಗಿದೆ ಎಂದು ಆಯಿ ನೋಡುತ್ತಿದ್ದಳು. ಬಾಗಿದ ಕಡೆ ದೇವಿಯ ಮನಸ್ಸು. ಎತ್ತು ಯಾವ ಕಡೆಯ ಸಂತೆಯಿಂದ ತರಬೇಕು ಎಂಬುದನ್ನೂ ಆಕೆ ಸಸಿಯನ್ನೇ ಕೇಳುತ್ತಿದ್ದಳು. ದೀಪ ಇಡುವ ಜಾಗ ಪೂರ್ವಕ್ಕೆ. ಸಸಿ ಪ್ರತಿ ವರ್ಷ ತಪ್ಪದೆ ಪೂರ್ವಕ್ಕೆ ಬಾಗುತ್ತಿತ್ತು. ಹೀಗಾಗಿ ನಮ್ಮ ಮನೆಯ ಎತ್ತುಗಳೆಲ್ಲ ಹಾವೇರಿ ಕಡೆಯವು.

ನನಗೆ ಇದರ ಮರ್ಮ ಅದೇ ಮಳೆಗಾಲದಲ್ಲಿ ತಿಳಿದಿತ್ತು. ನಮ್ಮ ವಿಜ್ಞಾನದ ಮಾಸ್ತರರು ವೈಷ್ಣವ ಮನೆತನದವರು, ತಂದೆ ಅಜ್ಜ ಎಲ್ಲ ಸಂಸ್ಕೃತ ಪಂಡಿತರು. ಇವರು ಮಾತ್ರ ಪುಣೆಯಲ್ಲಿ ಕಲಿತು ಬಂದು ಶಾಸ್ತ್ರದ ಜಾಗದಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದರು, ರಾಗ ಅದೇ. ಒಂದು ರಟ್ಟಿನ ಡಬ್ಬಿಯಲ್ಲಿ ಜೋಳದ ಮೊಳಕೆ ಇಟ್ಟು, ಒಂದು ಮಗ್ಗುಲಿಗೆ ತೂತು ಕೊರೆದು, ಕೆಲವು ದಿನ ಬಿಟ್ಟು ತೆರೆದರು. ಮೊಳಕೆಗಳೆಲ್ಲ ತೂತಿನ ಕಡೆ ಕತ್ತು ಚಾಚಿದ್ದವು. ಒಂದೆರಡಕ್ಕೆ ಮಾತ್ರ ತುದಿಗೆ ಕರೇ ಕಾಗದದ ಕುಲಾವಿ ಹಾಕಿದ್ದರು. ಅವು ನೆಟ್ಟಗೆ ನಿಂತಿದ್ದವು. ಬೆಳಕು ಎಲ್ಲಿದೆ ಎಂದು ತಿಳಿಯುವುದು ತುದಿಗೆ, ಬಾಗುವುದು ಅದರ ಕೆಳಗಿನ ಮೈ ಎಂದರು. ಮೂಗಿಗೆ ಒಂದು ಚಿಟಿಕೆ ತಪಕೀರು ಏರಿಸಿ, ಸೀನು ಬರುವ ಮೊದಲು ಅವಸರದಲ್ಲಿ ಹೇಳಿದ ಮಾತು ನನಗೆ ಇನ್ನೂ ಬಾಯಿಪಾಠ:

“ಬೆಳಕು ಎಳೀತದ ಅಂತ ತಿಳೀಬ್ಯಾಡ್ರಪಾ. ಬೆಳಕು ಯಾರನ್ನೂ ಎಳಿಯೂದಿಲ್ಲ. ಕತ್ತಲಿ ಕಡೆ ಇರೂ ಮೈ ಹೆಚ್ಚಿಗೆ ಬೆಳೀತದ, ಅದಕ್ಕ ಸಸಿ ಈಚೆ ಕಡೆ ಬಾಗ್ತದ. ಅದನ್ನ ನೂಕೂದು ಕತ್ತಲಿ.”

ಆಮೇಲೆ ಸೀನು. ನಾನು ಅದನ್ನು ಸೀನು ಸಮೇತ ಕಲಿತೆ. ಮಾತಿಗಿಂತ ಸೀನು ಚೆನ್ನಾಗಿ ಕಲಿತೆ.

ಘಟ್ಟ ಹಾಕಿದರು. ಸಸಿ ಎದ್ದಿತು. ಎದ್ದ ಸಸಿ ದೀಪವನ್ನು ಬಿಟ್ಟು ಉತ್ತರಕ್ಕೆ ಬಾಗತೊಡಗಿತು. ಕೋಣೆಯೊಳಗೆ ಹೋಗಿ ತಲೆ ಎತ್ತಿದರೆ ಸಾಕು, ಕಾರಣ ಕಾಣುತ್ತಿತ್ತು. ಅಲ್ಲಿ ನನ್ನ ಗಾಜಿನ ಹಂಚು ಬೆಳ್ಳಗೆ ಉರಿಯುತ್ತಿತ್ತು, ಅದರ ಮುಂದೆ ಎಣ್ಣೆಯ ದೀಪ ಯಾವ ಲೆಕ್ಕ? ಆದರೆ ಆಯಿಗೆ ತಲೆ ಎತ್ತಿ ನೋಡುವ ಕತ್ತು ಉಳಿದಿರಲಿಲ್ಲ. ಆಕೆ ಕಂಡದ್ದು ಕೆಳಗಿನ ಸಸಿಯನ್ನು. ಇಷ್ಟು ವರ್ಷ ದೀಪದ ಕಡೆ ನೋಡಿದ ದೇವಿ ಈ ಸಲ ಬೇಕೆಂದೇ ಬಡಗಣಕ್ಕೆ ಮುಖ ತಿರುವಿದ್ದಾಳೆ ಎಂದು ಅವ್ವನಿಗೆ ಪಿಸುಗುಟ್ಟಿದಳು. ನಮ್ಮ ಮನೆಯಿಂದ ಸವಣೂರು ಬಡಗಣಕ್ಕೆ, ಹಿರೇಕೆರೂರು ತೆಂಕಣಕ್ಕೆ. ಪೂರ್ವಕ್ಕೇ ಬಾಗಿದ್ದರೆ ಮತ್ತೆ ಎರಡು ಎತ್ತು ತಂದು ಸುಮ್ಮನಾಗುತ್ತಿದ್ದರು.

ನಾನು ಅಂದೇ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ತಲೆಯಲ್ಲಿ ಒಂದು ಆಟ ತಯಾರಾಗಿತ್ತು. ದಸರೆಯ ದಿನ, ಎಲ್ಲರೂ ಕೂಡಿದಾಗ, ಮಾಸ್ತರರ ರಾಗದಲ್ಲಿ ಎಲ್ಲರ ಕಣ್ಣು ತೆರೆಸಬೇಕು. ಮಾವನ ಕೆಮ್ಮು ಗಂಟಲಲ್ಲೇ ಸಿಕ್ಕಿಹಾಕಿಕೊಳ್ಳಬೇಕು. ಅಕ್ಕ ನಗಬೇಕು, ನಗುತ್ತಲೇ ಹಿರೇಕೆರೂರಿಗೆ ಹೋಗಬೇಕು. ಇದಕ್ಕಾಗಿ ಮಾವ ಬಿಟ್ಟುಹೋಗಿದ್ದ ಸಿಗರೇಟು ಪಾಕೀಟಿನೊಳಗಿನ ಬೆಳ್ಳಿ ಕಾಗದ ಕದ್ದೆ. ಆಯಿ ಬಾವಿಗೆ ಸ್ನಾನಕ್ಕೆ ಹೋದಾಗ ಕೋಣೆಗೆ ನುಗ್ಗಿ, ಕೆಲವು ಸಸಿಗಳ ತುದಿಗೆ ಚಿಕ್ಕ ಚಿಕ್ಕ ಕುಲಾವಿ ಹಾಕಿದೆ. ದಿನಾ ಹೋಗಿ ಸರಿಪಡಿಸುತ್ತಿದ್ದೆ. ಹಲವು ಬಿದ್ದುಹೋದವು, ಕೆಲವು ಸಸಿ ಭಾರಕ್ಕೆ ಮುರಿದವು. ಕೊಡದ ಹಿಂದೆ, ಆಯಿಯ ಕೈ ತಲುಪದ ಕಡೆ, ಒಂದು ಮಾತ್ರ ಸೆಟೆದು ನಿಂತಿತು. ಆ ಒಂದು ಸಸಿಯನ್ನು ನಾನು ನೋಡಿದ ಹಾಗೆ ಮುಂದೆ ನನ್ನ ಹೆಂಡತಿಯನ್ನೂ ನೋಡುತ್ತೇನೋ ಇಲ್ಲವೋ, ಆಕೆ ಬಂದಮೇಲೆ ಗೊತ್ತಾಗಬೇಕು.

ಇದರ ನಡುವೆ ಒಂದು ಮಧ್ಯಾಹ್ನ ನಾನು ದನದ ಕೊಟ್ಟಿಗೆಯಲ್ಲಿ ಮೇವು ಹಾಕುತ್ತಿದ್ದೆ. ಅಪ್ಪ ಬಂದು ಗೋದಲಿಯ ಅಂಚಿಗೆ ಕುಳಿತ. ಅಂಗೈಯಲ್ಲಿ ತಂಬಾಕು ತಿಕ್ಕುತ್ತ, ಎತ್ತಿನ ಬೆನ್ನು ನೋಡುತ್ತ ಕೇಳಿದ:

“ತಮ್ಮಾ, ನಿಮ್ಮ ಸಾಲ್ಯಾಗ ಇದನ್ನೆಲ್ಲಾ ಕಲಸ್ತಾರಂತಲ್ಲ. ಆ ಸಸಿ ಯಾಕ ಹಂಗ ಬಾಗ್ತಾವು? ಖರೇನ ದೇವಿ ಬಾಗಸ್ತಾಳೇನು?”

ಅಪ್ಪ ನನ್ನನ್ನು ಏನಾದರೂ ಕೇಳಿದ್ದು ಅಪರೂಪ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಮಗನ ಮುಂದೆ ಇಟ್ಟದ್ದು ಇನ್ನೂ ಅಪರೂಪ. ನನಗೆ ಉತ್ತರ ಗೊತ್ತಿತ್ತು. ತುದಿ, ಕತ್ತಲೆ ಕಡೆಯ ಮೈ, ಹಂಚು, ಎಲ್ಲವೂ. ಆದರೆ ಆಟ ಮೊದಲೇ ಬಿಟ್ಟುಕೊಟ್ಟರೆ ದಸರೆಗೆ ಏನು ಉಳಿಯಿತು? ಜೊತೆಗೆ ನನ್ನ ನಾಲಿಗೆಯ ತುದಿಯಲ್ಲಿ ಆಯಿ ಅದಾಗಲೇ ಬಂದು ಕುಳಿತಿದ್ದಳು. ಹಲ್ಲು ಮುಚ್ಚಿ, ತುಟಿ ಒಳಗೆ ಎಳೆದುಕೊಂಡು, ಆಕೆಯದೇ ಗಾಳಿ ಬಿಡುತ್ತ ಅಂದೆ:

“ದೇವಿ ಮನಸು, ಮಗನ. ಹಂಗೆಲ್ಲ ಕೇಳಬಾರದು. ಕಣ್ಣ ಹೋಗತಾವು.”

ಅಪ್ಪ ನಕ್ಕ. ಸ್ವಲ್ಪವೇ. ಆಮೇಲೆಯೂ ಸ್ವಲ್ಪ ಹೊತ್ತು ಕುಳಿತಿದ್ದ, ಇನ್ನೂ ಏನೋ ಬರುತ್ತದೆ ಎಂಬಂತೆ. ಏನೂ ಬರಲಿಲ್ಲ. ಅಂಗೈ ಕೊಡವಿ ಎದ್ದು ಹೋದ. ನಾನು ಎತ್ತಿಗೆ ಕಣ್ಣು ಹೊಡೆದೆ. ನನ್ನ ಆಟ ಬಹಳ ಚೆನ್ನಾಗಿ ಬಂದಿತ್ತು.

ದಸರೆಯ ದಿನ ಮಾವ ಶಿಗ್ಗಾಂವಿಯಿಂದ ಜರಿ ಟೊಪ್ಪಿಗೆ ಹಾಕಿಕೊಂಡು ಬಂದ. ನಾಲ್ಕು ಮನೆಯವರು ನಡುಮನೆಯಲ್ಲಿ ಕೂಡಿದರು. ಆಯಿ ದೇವರ ಕೋಣೆಯ ಹೊಸ್ತಿಲ ಮೇಲೆ ಕುಳಿತು, ಸಸಿಯ ಮೇಲೆ ಕೈಯಾಡಿಸಿ, ಕಣ್ಣಿನಿಂದ ಅಲ್ಲ, ಅಂಗೈಯಿಂದ ದಿಕ್ಕು ಓದಿದಳು. ಬಡಗಣ. ಮಾವ ಕೆಮ್ಮಿದ. ಅದೇ ಗಳಿಗೆಗೆ ನಾನು ಎದ್ದೆ.

ಅಪ್ಪನ ಹಳೆಯ ಕೋಟು ಏರಿಸಿಕೊಂಡಿದ್ದೆ. ಮೂಗಿಗೆ ಇಲ್ಲದ ತಪಕೀರು ಏರಿಸಿದೆ. ನೋಡ್ರಪಾ ಎಂದು ರಾಗ ಎಳೆದು, ಸಸಿಗೆ ಕಣ್ಣಿಲ್ಲದಿದ್ದರೂ ತುದಿಗೆ ಬೆಳಕು ತಿಳಿಯುತ್ತದೆ ಎಂದು ಶುರು ಮಾಡಿದೆ. ಕೋಣೆಯೊಳಗೆ ಹೊಕ್ಕು, ಕೊಡದ ಹಿಂದಿನ ನನ್ನ ಸಸಿಯ ಬೆಳ್ಳಿ ಕುಲಾವಿಯನ್ನು ಎರಡು ಬೆರಳಿನಿಂದ ಎತ್ತಿದೆ. ಎಲ್ಲ ಸಸಿ ಬಾಗಿವೆ, ಇದು ಬಾಗಿಲ್ಲ, ಯಾಕೆ? ಇದಕ್ಕೆ ಬೆಳಕು ಕಾಣಲಿಲ್ಲ. ಉಳಿದವಕ್ಕೆ ಕಂಡಿತು. ಬೆಳಕು ಎಲ್ಲಿಂದ ಬಂತು? ಮಾಳಿಗೆಯ ಮೇಲಿನ ಹಂಚಿನಿಂದ. ಹಂಚು ಇಟ್ಟವರು ಯಾರು? ಈ ಮಹಾಶಯರು. ಎಂದು ಎದೆ ಮುಟ್ಟಿಕೊಂಡು, ಬಗ್ಗಿ ವಂದಿಸಿ, ಕೊನೆಗೆ ಸೀನಿದೆ. ನಾನು ಅದುವರೆಗೆ ಸೀನಿದ ಸೀನುಗಳಲ್ಲೆಲ್ಲ ಅದು ಶ್ರೇಷ್ಠ.

ನಡುಮನೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ಮಾಸ್ತರರು ಎಲ್ಲರಿಗೂ ಗೊತ್ತು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಸೆರಗು ಬಾಯಿಗೆ, ಭುಜ ಕುಣಿಯುತ್ತಿದ್ದವು. ಅದನ್ನು ನೋಡಿ ನಾನು ಇನ್ನೊಮ್ಮೆ ಸೀನಿದೆ. ಆ ಎರಡನೆಯ ಸೀನು ಬೇಕಾಗಿರಲಿಲ್ಲ. ಅಷ್ಟು ಹೊತ್ತಿನಲ್ಲಿ ಅಪ್ಪನ ಕಡೆ ತಿರುಗಿ ಒಂದು ನೆಟ್ಟನೆಯ ಮಾತು ಆಡಬಹುದಿತ್ತು.

ಘಟ್ಟ ಮುಟ್ಟಿದ್ದಕ್ಕೆ ಆಯಿ ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆ ಬೈಯಲಿಲ್ಲ. ಬಹಳ ಮೆತ್ತಗೆ ಕೇಳಿದಳು:

“ಕುಲಾವಿ ಹಾಕಿ ಕಣ್ಣ ಮುಚ್ಚಿದ್ರ ದೇವಿ ಹೆಂಗ ಕಾಣತಾಳೋ ತಮ್ಮಾ? ದೇವೀನ ಕಾಣದಾಂವ ನೆಟ್ಟಗ ನಿಂತ. ಕಂಡಾಂವ ಬಾಗಿದ.”

ಮಂದಿ ಮತ್ತೆ ನಕ್ಕರು. ಈ ಸಲದ ನಗು ನನ್ನದಾಗಿರಲಿಲ್ಲ. ನಾನು ಹಂಚಿನ ಕಡೆ ಬೊಟ್ಟು ಮಾಡಿದೆ, ರಾಗ ಬಿಡುವುದನ್ನು ಮರೆತು ಅದೇ ಮೂಗಿನ ದನಿಯಲ್ಲಿ, ಹಂಚು, ಹಂಚು ಎಂದೆ. ಆಗ ಮಾವ ಕೆಮ್ಮಿದ. ಹಂಚನ್ನು ಎಲ್ಲಿ ಕೂಡಿಸು ಎಂದು ಹೇಳಿದ್ದಿರಿ ಎಂದು ಅಪ್ಪನನ್ನು ಕೇಳಿದ. ದಕ್ಷಿಣಕ್ಕೆ ಎಂದು ಅಪ್ಪ ಹೇಳಿದ. ಮಾವ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದ:

“ಅಪ್ಪ ದಕ್ಷಿಣಕ್ಕ ಇಡು ಅಂದ. ನೀ ಬಡಗಣಕ್ಕ ಇಟ್ಟಿ. ನಿನ್ನ ಕೈ ತಿರುವಿದಾಕಿ ಯಾರಲೇ, ಶಾಣ್ಯಾ?”

ಕಡಜ ಎಂದು ಹೇಳಬೇಕಿತ್ತು. ಕಡಜಕ್ಕೆ ಅಂಜಿದೆ, ಏಣಿ ಆ ಕಡೆ ಇತ್ತು, ನಾನು ಮೈಗಳ್ಳ ಎಂದು. ಅಷ್ಟು ಮಂದಿಯ ಮುಂದೆ, ಅಷ್ಟು ಚೆನ್ನಾಗಿ ಸೀನಿದ ಮೇಲೆ, ಅದು ಬಾಯಿಗೆ ಬರಲಿಲ್ಲ. ಮಾವನೇನೂ ಮೋಸ ಮಾಡುತ್ತಿರಲಿಲ್ಲ, ಅದೇ ಕೆಟ್ಟದ್ದು. ಹೇಳುವಾಗ ಅವನ ತೋಳಿನ ಮೇಲೆ ಖರೇನೇ ರೋಮ ಎದ್ದಿತ್ತು. ಆಯಿ ಗಲ್ಲ ಗಲ್ಲ ಬಡಿದುಕೊಂಡಳು. ಅಪ್ಪ ಒಂದು ಸಲ ಮಾಳಿಗೆ ನೋಡಿದ, ಒಂದು ಸಲ ನನ್ನನ್ನು ನೋಡಿದ. ನಾನು ಕೋಟಿನ ಗುಂಡಿ ಬಿಚ್ಚುತ್ತಿದ್ದೆ. ಅವ್ವ ಸಸಿ ಕಿತ್ತು ಎಲ್ಲರಿಗೂ ಹಂಚಿದಳು. ಅಕ್ಕನ ಹೆರಳಿಗೂ ಸಿಕ್ಕಿಸಿದಳು. ಸಂಜೆ ಬನ್ನಿ ಎಲೆ ಹಂಚುವಾಗ ಎಲ್ಲರೂ ಎಲ್ಲರಿಗೂ ಹೇಳುವಂತೆ, ನಾವೂ ನೀವೂ ಬಂಗಾರದ ಹಾಗೆ ಇರೋಣ ಎಂದು ಅಕ್ಕ ನನಗೂ ಹೇಳಿದಳು. ಅವಳ ಕಿವಿಯ ಹಿಂದೆ ಆ ಹಳದಿ ಸಸಿ ಬಾಡಿ ಜೋತಿತ್ತು.

ಮಾಘದಲ್ಲಿ ಮದುವೆಯಾಯಿತು. ಆ ಮದುವೆಯಲ್ಲೂ ನಾನು ಬೀಗರನ್ನೆಲ್ಲ ಅಣಕಿಸಿ ಹೊಗಳಿಸಿಕೊಂಡೆ.

ಮುಂದಿನದು ಚಿಕ್ಕದು. ನಾನು ಮೆಟ್ರಿಕ್ ಮುಗಿಸಿದೆ. ಅಕ್ಕ ಮನೆಯಲ್ಲೇ ಇದ್ದಿದ್ದರೆ, ಎರಡನೆಯ ಯತ್ನಕ್ಕೆ ಎಂದು ಕೂಡಿಸುತ್ತಿದ್ದಳು. ಟ್ರೇನಿಂಗಿಗೆ ಗಂಡುಮಗನನ್ನು ಧಾರವಾಡಕ್ಕೆ ಕಳಿಸಲು ಮನೆಯಲ್ಲಿ ಯಾರಿಗೂ ಸಸಿಯನ್ನು ಕೇಳಬೇಕೆನಿಸಲಿಲ್ಲ. ಈಗ ಹಿರೇಕೆರೂರು ತಾಲೂಕಿನಲ್ಲಿ, ರಟ್ಟೀಹಳ್ಳಿಯ ಹತ್ತಿರದ ಒಂದು ಹಳ್ಳಿಯಲ್ಲಿ ಮಾಸ್ತರನಾಗಿದ್ದೇನೆ. ಮುಲ್ಕಿಯಲ್ಲಿ ಮೊದಲ ವರ್ಗ ಬಂದವಳು ಮಾಡಬೇಕಾಗಿದ್ದ ಕೆಲಸವನ್ನು ಮೂರನೆಯ ವರ್ಗದವನು ಮಾಡುತ್ತಿದ್ದಾನೆ, ಸರಕಾರಕ್ಕೆ ವ್ಯತ್ಯಾಸ ಗೊತ್ತಾಗಿಲ್ಲ. ರಟ್ಟೀಹಳ್ಳಿಯ ಬಸ್ಸಿನಲ್ಲಿ ಆಗಾಗ ಒಬ್ಬ ಅಕ್ಕೋರು ಸಿಗುತ್ತಾರೆ. ಕೈಯಲ್ಲಿ ಅವರಿಗಿಂತ ಉದ್ದದ ಕೊಡೆ. ಆ ಕೊಡೆ ನನಗೆ ಗೊತ್ತು. ಬಡಕಲು ಮಾಸ್ತರ ಬೇರೆ ಕಡೆ ಮದುವೆಯಾಗಿ, ಹೆಂಡತಿಯನ್ನು ಟ್ರೇನಿಂಗಿಗೆ ಕಳಿಸಿದ. ಕೇಳಿದ ಮಾತಿಗೆ ತಪ್ಪಲಿಲ್ಲ, ಕೇಳಿಸಿಕೊಂಡವಳು ಬೇರೆಯಾದಳು, ಅಷ್ಟೇ. ಆ ಅಕ್ಕೋರು ನನಗೆ ನಮಸ್ಕಾರ್ರಿ ಎನ್ನುತ್ತಾರೆ. ನಾನು ಕಿಟಕಿ ನೋಡುತ್ತೇನೆ.

ನಾನೂ ಹುಡುಗರಿಗೆ ಸಸಿ ಬಾಗುವ ಪಾಠ ಮಾಡುತ್ತೇನೆ. ರಟ್ಟಿನ ಡಬ್ಬಿ, ತೂತು, ಕುಲಾವಿ. ತಪಕೀರು, ಸೀನು ಎಲ್ಲ ಹಾಕುತ್ತೇನೆ, ಹುಡುಗರು ಬಿದ್ದು ಬಿದ್ದು ನಗುತ್ತಾರೆ. ಮರುದಿನ ಕೇಳಿದರೆ ಸೀನು ಎಲ್ಲರಿಗೂ ನೆನಪಿರುತ್ತದೆ. ಕತ್ತಲೆಯ ಕಡೆಯ ಮೈ ಏನಾಗುತ್ತದೆ ಎಂದು ಕೇಳಿದರೆ ಕೈ ಎತ್ತುವವರಿಲ್ಲ.

ಹೋದ ಬೇಸಿಗೆಯ ಸೂಟಿಯಲ್ಲಿ ಸವಣೂರಿಗೆ ಹೋಗಿದ್ದೆ. ದೊಡ್ಡಹುಣಸೆ ಮರಗಳನ್ನು ದಾಟಿ, ಎಲೆತೋಟದ ಅಂಚಿನಲ್ಲಿ ಅಕ್ಕನ ಮನೆ. ಭಾವ ಕೆಟ್ಟವನಲ್ಲ. ಬಾಯಿ ತುಂಬ ಎಲೆ ಹಾಕಿಕೊಂಡು ಕೈಸನ್ನೆಯಿಂದಲೇ ಕೂಡ್ರಿ ಎಂದ, ಒಳಗೆ ಅದಾಳೆ ಎಂದು ಹುಬ್ಬಿನಿಂದ ತೋರಿಸಿದ. ನಾನು ಅವನನ್ನು ಅಣಕಿಸಲು ಎಷ್ಟೋ ಸಲ ಯತ್ನಿಸಿದ್ದೇನೆ, ಮಾತೇ ಆಡದವನನ್ನು ಹಿಡಿಯುವುದು ಎಲ್ಲಿ?

ಅಕ್ಕ ಎಲೆಯ ಕೋಣೆಯಲ್ಲಿದ್ದಳು. ಕೊಯ್ದ ಎಲೆಗೆ ಬೆಳಕು, ಗಾಳಿ ತಾಗಬಾರದು, ತಾಗಿದರೆ ಬಾಡುತ್ತದೆ. ಅದಕ್ಕೆ ಆ ಕೋಣೆಗೆ ಕಿಟಕಿ ಇಲ್ಲ, ಬಾಗಿಲಿಗೆ ಹಸಿ ಗೋಣಿ ಇಳಿಬಿಟ್ಟಿರುತ್ತಾರೆ. ಆ ಮನೆಯ ಸೊಸೆಯರು ಬೆಳಗಿನಿಂದ ಅಲ್ಲಿ ಕುಳಿತು ಚಿಗುರು, ಬಲಿತದ್ದು, ಹರಿದದ್ದು ಎಂದು ಬೇರೆ ಮಾಡಿ ಜೋಡಿಸುತ್ತಾರೆ. ಅಕ್ಕ ಗೋಣಿಯ ಅಂಚು ಒಂದಿಷ್ಟು ಸರಿಸಿಕೊಂಡು, ಆ ಗೀರು ಬೆಳಕಿಗೆ ಮೈ ಓರೆ ಮಾಡಿ ಕುಳಿತಿದ್ದಳು. ಮೊದಮೊದಲು ಹರಿದ ಎಲೆಗಳ ಮೇಲೆ ಉಗುರಿನಿಂದ ಗೀರಿ ಮೈದುನನ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಳಂತೆ. ಎಲೆ ಲಕ್ಷ್ಮಿ, ಗೀರಬಾರದು ಎಂದು ಅತ್ತೆ ಅದನ್ನು ಬಿಡಿಸಿದ್ದರು.

ನಾನು ಎದುರು ಕುಳಿತು ನನ್ನ ಸರಕು ಬಿಚ್ಚಿದೆ. ಸಾಲಿ ತಪಾಸಣೆಗೆ ಬರುವ ರಟ್ಟೀಹಳ್ಳಿಯ ಸಾಹೇಬರನ್ನು ಮಾಡಿದೆ, ಅವಳ ಅತ್ತೆಯನ್ನು ಸಣ್ಣ ದನಿಯಲ್ಲಿ ಮಾಡಿದೆ. ಭುಜ ಕುಣಿಯಲಿಲ್ಲ. ಕೈ ಎಲೆ ಜೋಡಿಸುತ್ತಲೇ ಇತ್ತು. ನನಗೆ ಬೇಜಾರಾಯಿತು, ನಗದವರನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ. ಹಾಗೆಯೇ ಮಾತು ದಸರೆಗೆ ಹೋಯಿತು. ನಾನೇ ಒಯ್ದೆ. ಮಾವನನ್ನು ಬೈದೆ, ಆಯಿಯ ಕುರುಡು ಕಣ್ಣನ್ನು ಬೈದೆ. ಕಡಜದ ಕತೆಯನ್ನೂ ಮೊದಲ ಸಲ ಬಾಯಿಬಿಟ್ಟು ಹೇಳಿ, ಅದನ್ನೂ ಒಂದು ತಮಾಷೆ ಮಾಡಿದೆ. ಕೊನೆಗೆ ನನ್ನ ಬೆನ್ನು ನಾನೇ ಸವರಿಕೊಂಡೆ:

“ನಾ ಅವತ್ತ ಎಲ್ಲಾ ಬಿಡಿಸಿ ಹೇಳಿದೆ, ಅಕ್ಕಾ. ಯಾರೂ ಕಿವಿಮ್ಯಾಲೆ ಹಾಕ್ಕೊಳ್ಳಲಿಲ್ಲ. ಅಪ್ಪ ಒಬ್ಬಾಂವ ಗಟ್ಟಿ ನಿಂತಿದ್ರ ಸಾಕಿತ್ತು.”

ಅಕ್ಕನ ಕೈ ನಿಂತಿತು. ಕೈಯಲ್ಲಿದ್ದ ಎಲೆಯನ್ನು ಹಸಿಬಟ್ಟೆಯ ಮೇಲೆ ಮಗುಚಿಟ್ಟು, ನನ್ನನ್ನು ನೋಡಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ.

“ದನದ ಮನಿಗೆ ಅಪ್ಪನ್ನ ಕಳಿಸಿದಾಕಿ ನಾನ. ಸಸಿ ಯಾಕ ಬಾಗ್ತಾವು, ತಮ್ಮ ಏನಂತಾನ, ಕೇಳಿಕೊಂಡು ಬಾ ಅಂತ. ನೀ ಆಯಿ ದನಿ ಮಾಡಿ ಕಳಿಸಿದಿ. ಆಯಿ ಏನಂತಾಳ ಅಂತ ಕೇಳಾಕ ಮನ್ಯಾಗ ಆಯಿ ಇದ್ಲು.”